ದಿನಸಿ ಅಂಗಡಿಗೆ ಜಿಎಸ್‌ಟಿ: ಕಾಂಪೊಸಿಷನ್ನೋ, ರೆಗ್ಯುಲರ್ರೋ?

ವರ್ಷಕ್ಕೆ ಒಂದೂವರೆ ಕೋಟಿಯೊಳಗೆ ವಹಿವಾಟಿರುವ ದಿನಸಿ ಅಂಗಡಿಗೆ ಈಗ ನನ್ನ ಓಟು ರೆಗ್ಯುಲರ್ ನೋಂದಣಿಗೆ, ಅದರಲ್ಲೂ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿಗೆ. ರೆಗ್ಯುಲರ್ ಎಂದರೆ ಮಾರಾಟದ ತೆರಿಗೆಯಲ್ಲಿ ಖರೀದಿಗೆ ಕೊಟ್ಟ ತೆರಿಗೆಯನ್ನು (ಇದೇ ಕ್ರೆಡಿಟ್) ಕಳೆದು ಉಳಿದದ್ದನ್ನು ಕಟ್ಟುವುದು. ಕಾಂಪೊಸಿಷನ್ ಎಂದರೆ ಕ್ರೆಡಿಟ್ ಬಿಟ್ಟು, ಮಾರಾಟದ ಮೇಲೆ ನೇರವಾಗಿ 1% ಕಟ್ಟುವುದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಕಳಿಸಿದ ಮೇಲೆ "ಕಾಂಪೊಸಿಷನ್ ತಗೊಳ್ಳಿ, ಒಂದು ಪರ್ಸೆಂಟ್ ಕಟ್ಟಿ ಆರಾಮಾಗಿರಿ" ಎಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತಿದೆ. ಅದೇ ವರ್ಷದ ಸೆಪ್ಟೆಂಬರ್ 21ರವರೆಗೆ ಆ ಸಲಹೆ ಬಹುಪಾಲು ಸರಿಯಾಗೇ ಇತ್ತು. ಮರುದಿನ ದರ ಬದಲಾದವು, ಸಲಹೆ ಮಾತ್ರ ಹಾಗೇ ಉಳಿದಿದೆ.

ಬಿಸ್ಕತ್ತನ್ನೇ ತೆಗೆದುಕೊಳ್ಳಿ. ಮೊದಲು 18% ಇತ್ತು. ಸಾವಿರ ರೂಪಾಯಿ ಮಾಲಿಗೆ ತೆರಿಗೆ ಸೇರಿ ಕೊಟ್ಟದ್ದು 1,180. ಹತ್ತು ಪರ್ಸೆಂಟ್ ಲಾಭ ಇಟ್ಟರೆ ಗಿರಾಕಿ ಕೊಡುವುದು 1,298. ರೆಗ್ಯುಲರ್‌ನಲ್ಲಿ 198ರಿಂದ 180 ಕಳೆದು 18 ರೂಪಾಯಿ ಕಟ್ಟಿದರೆ ಕೈಯಲ್ಲಿ 100 ಉಳಿಯುತ್ತಿತ್ತು. ಕಾಂಪೊಸಿಷನ್‌ನಲ್ಲಿ 12.98 ಕಟ್ಟಿದರೆ 105.02. ಕಾಂಪೊಸಿಷನ್ನೇ ವಾಸಿ. ಈಗ ಅದೇ ಬಿಸ್ಕತ್ತು 5%ಗೆ ಬಂದಿದೆ: ಖರೀದಿ 1,050, ಮಾರಾಟ 1,155. ರೆಗ್ಯುಲರ್‌ನಲ್ಲಿ ಕಟ್ಟುವುದು 5 ರೂಪಾಯಿ, ಉಳಿಯುವುದು ಅದೇ 100. ಕಾಂಪೊಸಿಷನ್‌ನಲ್ಲಿ ಕಟ್ಟುವುದು 11.55, ಉಳಿಯುವುದು 93.45.

ಈ ಲೆಕ್ಕವನ್ನು ತಿರುಗಿಸಿ ನೋಡಿದರೆ 18% ಮಾಲಿಗೆ ಖರೀದಿ ಬೆಲೆಯ ಮೇಲೆ ಸುಮಾರು 7% ಲಾಭ ದಾಟಿದರೆ ಕಾಂಪೊಸಿಷನ್ ಗೆಲ್ಲುತ್ತದೆ. 5% ಮಾಲಿಗೆ ಗೆಲ್ಲಬೇಕಾದರೆ ಲಾಭ ಸುಮಾರು 26.5% ದಾಟಬೇಕು. ದಿನಸಿಯಲ್ಲಿ ಅಷ್ಟು ಲಾಭ ಎಲ್ಲಿಂದ ಬರಬೇಕು? ಎಣ್ಣೆ, ಸಕ್ಕರೆ, ಚಹಾಪುಡಿ ಮೊದಲಿಂದಲೂ 5%. ಈಗ ತುಪ್ಪ, ಖಾರ-ಮಿಕ್ಸ್ಚರ್, ಮೈಸೋಪು, ಟೂತ್‌ಪೇಸ್ಟ್, ಶಾಂಪೂ ಎಲ್ಲ ಅಲ್ಲಿಗೇ ಸೇರಿವೆ. ಬಟ್ಟೆ ಒಗೆಯುವ ಪುಡಿ 18%ರಲ್ಲೇ ಇದೆ, ಆದರೆ ಅದೊಂದರಿಂದ ಇಡೀ ಅಂಗಡಿಯ ಲೆಕ್ಕ ತಿರುಗುವುದಿಲ್ಲ.

ಬಿಡಿ ಅಕ್ಕಿ, ಬಿಡಿ ಬೇಳೆಗೆ ತೆರಿಗೆಯಿಲ್ಲ. ವ್ಯಾಪಾರಿಗೆ ಆ ಮಾರಾಟದ ಮೇಲೆ 1% ಕೂಡ ಬೀಳುವುದಿಲ್ಲ, ಆದರೆ ಕಾಂಪೊಸಿಷನ್‌ಗಿರುವ ಒಂದೂವರೆ ಕೋಟಿಯ ಮಿತಿ ಎಣಿಸುವಾಗ ಅದೂ ಸೇರುತ್ತದೆ.

ಕಾಂಪೊಸಿಷನ್‌ನಲ್ಲಿ ಕೆಲಸ ಕಡಿಮೆ ಎಂಬುದು ನಿಜ: ವರ್ಷಕ್ಕೆ ನಾಲ್ಕು ಸಿಎಂಪಿ-08 (ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ನಮೂನೆ), ಒಂದು ಜಿಎಸ್‌ಟಿಆರ್-4 (ವಾರ್ಷಿಕ ರಿಟರ್ನ್), ಅಷ್ಟೆ. ಆದರೆ ಆ ಒಂದು ಜಿಎಸ್‌ಟಿಆರ್-4ರಲ್ಲೇ ತಲೆನೋವು ಕೂತಿದೆ. ನಾಲ್ಕು ತ್ರೈಮಾಸಿಕದಲ್ಲಿ ಕಟ್ಟಿದ್ದು 5ನೇ ಕೋಷ್ಟಕದಲ್ಲಿ ತಾನೇ ಬಂದು ಕೂರುತ್ತದೆ. ಅದನ್ನು ನೋಡಿದವರು ಎಲ್ಲ ತುಂಬಿದೆ ಎಂದುಕೊಂಡು ಸಲ್ಲಿಸಿಬಿಡುತ್ತಾರೆ. 6ನೇ ಕೋಷ್ಟಕವನ್ನು ಮಾತ್ರ ನಾವೇ ತುಂಬಬೇಕು: ಇಡೀ ವರ್ಷದ ಮಾರಾಟ ದರವಾರು, ರಿವರ್ಸ್ ಚಾರ್ಜ್ (ಮಾರಿದವರ ಬದಲು ಕೊಂಡವರೇ ಕಟ್ಟುವ ತೆರಿಗೆ) ಇದ್ದರೆ ಅದೂ. ಅದು ಖಾಲಿ ಉಳಿದರೆ ಈ ವರ್ಷ ತೆರಿಗೆ ಬಾಧ್ಯತೆಯೇ ಇರಲಿಲ್ಲ, ಕಟ್ಟಿದ್ದೆಲ್ಲ ಹೆಚ್ಚುವರಿ ಎಂದು ಪೋರ್ಟಲ್ ಲೆಕ್ಕ ಹಾಕುತ್ತದೆ.

ಆ 'ಹೆಚ್ಚುವರಿ' ನೆಗೆಟಿವ್ ಲಯಬಿಲಿಟಿ ಪಟ್ಟಿಗೆ ಹೋಗುತ್ತದೆ, ಮುಂದಿನ ಸಿಎಂಪಿ-08 ತುಂಬುವಾಗ ಅಲ್ಲಿಂದಲೇ ಹೊಂದಾಣಿಕೆಯಾಗುತ್ತದೆ. ಕಟ್ಟಬೇಕಾದ್ದು ಸೊನ್ನೆ ಎಂದು ಕಂಡರೆ ಖುಷಿಪಡಬೇಡಿ, ಆ ತೆರಿಗೆ ಬಾಕಿಯೇ ಇದೆ. ಗೊತ್ತಾಗುವ ಹೊತ್ತಿಗೆ 18% ಬಡ್ಡಿ ಏರಿರುತ್ತದೆ. ಜಿಎಸ್‌ಟಿಆರ್-4 ಒಮ್ಮೆ ಸಲ್ಲಿಸಿದರೆ ತಿದ್ದುವಂತಿಲ್ಲ. ಹಾಗಾಗಿ ಜೂನ್ 30ರ ಗಡುವಿಗೆ ಮುಂಚೆ 6ನೇ ಕೋಷ್ಟಕದ ಒಟ್ಟು ತೆರಿಗೆಯನ್ನು 5ನೆಯದರ ಪಕ್ಕ ಇಟ್ಟು ನೋಡಿ. ಎರಡೂ ತಾಳೆಯಾಗದೆ ಸಲ್ಲಿಸಬೇಡಿ. ಆಡಿಟರ್ ಕಚೇರಿಯ ಹುಡುಗರು ತುಂಬಿದ್ದರೂ ಸರಿ, ಕರಡು ತರಿಸಿಕೊಂಡು ನೀವೇ ನೋಡಿ.

ಗಡಿಯೂರಿನವರಿಗೆ ಇನ್ನೊಂದು ಕಾಟ. ಕಾಂಪೊಸಿಷನ್‌ನಲ್ಲಿ ಹೊರರಾಜ್ಯದಿಂದ ಕೊಳ್ಳಬಹುದು, ಹೊರರಾಜ್ಯಕ್ಕೆ ಮಾರುವಂತಿಲ್ಲ. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಗಿರಾಕಿಯ ವಿಳಾಸ ಬಿಲ್ಲಿನಲ್ಲಿದ್ದರೆ ಆ ವಿಳಾಸವೇ ಪೂರೈಕೆಯ ಸ್ಥಳ. ನಿಪ್ಪಾಣಿಯ ಅಂಗಡಿ ಕೊಲ್ಹಾಪುರದವರ ವಿಳಾಸ ಬರೆದು ಒಂದು ಬಿಲ್ ಕೊಟ್ಟರೆ ಅದು ಅಂತರರಾಜ್ಯ ಮಾರಾಟವಾಯಿತು, ಕಾಂಪೊಸಿಷನ್‌ನ ಅರ್ಹತೆಯೇ ಹೋಯಿತು. ಹೋಟೆಲು, ಕ್ಯಾಂಟೀನಿನವರು ಕೇಳುವ ತೆರಿಗೆ ಬಿಲ್ಲನ್ನೂ ಕೊಡಲಾಗುವುದಿಲ್ಲ.

ಹಾಗಂತ ರೆಗ್ಯುಲರ್ ಏನು ಹೂವಿನ ಹಾದಿಯಲ್ಲ. ಮೂರು ತಿಂಗಳಲ್ಲಿ ಮೊದಲ ಎರಡು ತಿಂಗಳ ತೆರಿಗೆಗೆ ಮುಂದಿನ ತಿಂಗಳ 25ರೊಳಗೆ ಪಿಎಂಟಿ-06 ಚಲನ್. ತ್ರೈಮಾಸಿಕ ಮುಗಿದ ಮೇಲೆ 13ರೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1, ಕರ್ನಾಟಕಕ್ಕೆ 22ರೊಳಗೆ ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ. ಚಲನ್‌ಗೆ ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ್ದರ 35% ಕಟ್ಟುವ ದಾರಿ ಹಿಡಿದರೆ ಲೆಕ್ಕದ ರಗಳೆ ಇಲ್ಲ, ಕಡಿಮೆ ಬಿದ್ದರೂ ಬಡ್ಡಿ ಇಲ್ಲ. ಸಗಟು ವ್ಯಾಪಾರಿ ತನ್ನ ಜಿಎಸ್‌ಟಿಆರ್-1 ಹಾಕದಿದ್ದರೆ ನಿಮ್ಮ 2ಬಿಯಲ್ಲಿ (ಪೋರ್ಟಲ್ ತಾನೇ ಮಾಡಿಕೊಡುವ ಕ್ರೆಡಿಟ್ ಪಟ್ಟಿ) ಕ್ರೆಡಿಟ್ ಕಾಣುವುದಿಲ್ಲ. ಅಂಥವರ ಬಿಲ್ಲಿನ ಹಣದಲ್ಲಿ ತೆರಿಗೆಯಷ್ಟನ್ನು ತಡೆಹಿಡಿಯುವುದೇ ಮದ್ದು. 180 ದಿನದೊಳಗೆ ಬಾಕಿ ತೀರಿಸದಿದ್ದರೂ ಕ್ರೆಡಿಟ್ ವಾಪಸ್ ಮಾಡಬೇಕು.

ರೆಗ್ಯುಲರ್ ನಿಜಕ್ಕೂ ನೋಯುವುದು ಬಾಡಿಗೆಯಲ್ಲಿ. ಅಂಗಡಿ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ 18% ಬಾಡಿಗೆದಾರನೇ ನಗದಾಗಿ ಕಟ್ಟಬೇಕು. 2025ರ ಜನವರಿ 16ರಿಂದ ಕಾಂಪೊಸಿಷನ್‌ನವರಿಗೆ ಇದರಿಂದ ವಿನಾಯಿತಿ. ತಿಂಗಳಿಗೆ 15,000 ಬಾಡಿಗೆಯಾದರೆ 2,700. ಇದು ಕ್ರೆಡಿಟ್ ಆಗಿ ಮರಳುತ್ತದೆ, ಆದರೆ ತೆರಿಗೆಯಿಲ್ಲದ ಮಾರಾಟದ ಪಾಲಿಗೆ ಕ್ರೆಡಿಟ್ ಇಲ್ಲ, ಹಾಗಾಗಿ ಮೂರರಲ್ಲೊಂದು ಪಾಲು ಮಾರಾಟ ಬಿಡಿ ಅಕ್ಕಿ-ಬೇಳೆಯದಾಗಿದ್ದರೆ ಅದರಲ್ಲಿ 900 ಹೋದಂತೆ. ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ತೆರಿಗೆಯಿಲ್ಲದ ಮಾಲಿನದೇ ಆಗಿ ಬಾಡಿಗೆಯೂ ದೊಡ್ಡದಿದ್ದರೆ ಈ ಲೆಕ್ಕ ಮಾಡದೆ ಕಾಂಪೊಸಿಷನ್ ಬಿಡಬೇಡಿ.

ಚಕ್ಕುಲಿ-ಕೋಡುಬಳೆ ಮಾಡಿ ಮಾರುವವರೂ ಬಿಡಬೇಡಿ. ಅಲ್ಲಿ 100ರ ಮಾಲಿಗೆ ತೆರಿಗೆ ಬೀಳುವ ಕಚ್ಚಾಸಾಮಗ್ರಿ 40ರಷ್ಟೇ ಎಂದಿಟ್ಟುಕೊಂಡರೆ ರೆಗ್ಯುಲರ್‌ನಲ್ಲಿ 3 ರೂಪಾಯಿ, ಕಾಂಪೊಸಿಷನ್‌ನಲ್ಲಿ 1.05. ಇನ್ನು ಬಿಲ್ಲುಗಳನ್ನು ಚೀಲದಲ್ಲಿ ತುಂಬಿ ಮಾರ್ಚಿನಲ್ಲಿ ಸುರಿಯುವ ಅಭ್ಯಾಸದವರು ರೆಗ್ಯುಲರ್‌ಗೆ ಬಂದರೆ ಉಳಿಸಿದ್ದು ಆಡಿಟರ್ ಫೀಸಿಗೇ ಸರಿಹೋಗುತ್ತದೆ. ಖರೀದಿ ಬಿಲ್ಲನ್ನು ಅಂದಂದೇ ಕಂಪ್ಯೂಟರಿಗೆ ಹಾಕುವ ನನ್ನಂಥವರಿಗೆ ಅದರ ಹೊರೆ ಕಾಣುವುದಿಲ್ಲ.

ಕಾಂಪೊಸಿಷನ್‌ನಿಂದ ರೆಗ್ಯುಲರ್‌ಗೆ ಬದಲಾಯಿಸುವುದಾದರೆ ಸಿಎಂಪಿ-04 ಅರ್ಜಿ ಸಲ್ಲಿಸಿ. ಹೊರಬರುವುದು ವರ್ಷದಲ್ಲಿ ಯಾವಾಗಲಾದರೂ ಆಗುತ್ತದೆ, ಮರಳಿ ಒಳಹೋಗುವುದು ಮಾತ್ರ ಮಾರ್ಚ್ 31ರೊಳಗೆ ಸಿಎಂಪಿ-02 ಕೊಟ್ಟು ಹೊಸ ಆರ್ಥಿಕ ವರ್ಷದಿಂದ. ಹೊರಬಂದ 30 ದಿನದೊಳಗೆ ಐಟಿಸಿ-01 ನಮೂನೆಯಲ್ಲಿ ಅಂಗಡಿಯಲ್ಲಿರುವ ದಾಸ್ತಾನಿನ ತೆರಿಗೆ ಕ್ರೆಡಿಟ್ ಪಡೆಯಬಹುದು. ಬಿಲ್ಲು ಒಂದು ವರ್ಷಕ್ಕಿಂತ ಹಳೆಯದಿರಬಾರದು, ಅದರ ಮೇಲೆ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು. ಹೇಗೂ ಕ್ರೆಡಿಟ್ ಇಲ್ಲವಲ್ಲ ಎಂದು ನಂಬರ್ ಕೊಡದೆ ಕೊಂಡ ಮಾಲಿಗೆ ಏನೂ ಸಿಗದು. ಕ್ರೆಡಿಟ್ 2 ಲಕ್ಷ ದಾಟಿದರೆ ಸಿಎ ಪ್ರಮಾಣಪತ್ರ ಬೇಕು. ತ್ರೈಮಾಸಿಕದ ಮೊದಲ ದಿನದಿಂದಲೇ ಬದಲಾಯಿಸಿ, ಇಲ್ಲವಾದರೆ ಅದೇ ಮೂರು ತಿಂಗಳಿಗೆ ಎರಡೂ ಕಡೆಯ ರಿಟರ್ನ್ ಬೀಳುತ್ತವೆ. ಕಾಂಪೊಸಿಷನ್‌ನಲ್ಲಿದ್ದಷ್ಟು ತಿಂಗಳಿಗೆ ಜಿಎಸ್‌ಟಿಆರ್-4 ಆಮೇಲೂ ಹಾಕಲೇಬೇಕು, 6ನೇ ಕೋಷ್ಟಕ ತುಂಬಿಯೇ.