ಪಕ್ಕದ ಮನೆಯ ತೆಂಗಿನ ಮರ ನಿಮ್ಮ ಕಡೆ ವಾಲಿದೆಯಾ? ಬಾಯಿಮಾತು ನಂಬಬೇಡಿ

ಪಕ್ಕದವರ ತೆಂಗಿನ ಮರ ನಿಮ್ಮ ತಾರಸಿ ಮೇಲೆ ಬಾಗಿದ್ದರೆ ಇದನ್ನು ಓದಿ. ಅದರಲ್ಲೂ ಮಾಲೀಕರು ಬೇರೆ ಊರಲ್ಲಿದ್ದು, ಮನೆ ಬಾಡಿಗೆಗೆ ಕೊಟ್ಟಿದ್ದರೆ ತಡ ಮಾಡಲೇಬೇಡಿ.

ನಾವಿರುವುದು ಮೈಸೂರಿನಲ್ಲಿ. ಪಕ್ಕದ ಮರದ ಬುಡ ಅವರ ಕಾಂಪೌಂಡಿನೊಳಗೆ, ತಲೆ ಪೂರ್ತಿ ನಮ್ಮ ಮನೆ ಮೇಲೆ. ಆ ಮನೆ ಅಜ್ಜಿ ಇರುವವರೆಗೆ ಏನೂ ತೊಂದರೆ ಇರಲಿಲ್ಲ. ಆಗಾಗ ಆಳು ಕರೆಸಿ ಕಾಯಿ ಕೀಳಿಸೋರು, ಒಣಗಿದ ಗರಿ ತೆಗೆಸೋರು, ನಮಗೂ ನಾಲ್ಕು ಕಾಯಿ ಕೊಡೋರು. ಅವರು ತೀರಿಕೊಂಡ ಮೇಲೆ ಮಗ ಬೆಂಗಳೂರಿನಲ್ಲೇ ಕೂತು ಮನೆ ಬಾಡಿಗೆಗೆ ಕೊಟ್ಟರು. ಮರದ ಗೊಡವೆ ಯಾರಿಗೂ ಬೇಡವಾಯಿತು.

ತೆಂಗು ಸುಮ್ನೆ ಕೂರುವ ಮರವಲ್ಲ. ಹೆಚ್ಚುಕಡಿಮೆ ತಿಂಗಳಿಗೊಂದು ಹೊಸ ಗರಿ, ಅದರ ಸಂದಿಯಲ್ಲೊಂದು ಗೊನೆ. ಕಾಯಿ ಬಲಿಯೋಕೆ ವರ್ಷ ಹಿಡಿಯುತ್ತದೆ. ಹಾಗಾಗಿ ವರ್ಷವಿಡೀ ಯಾವುದೋ ಒಂದು ಗೊನೆ ಬಲಿಯುತ್ತಲೇ ಇರುತ್ತದೆ. ಕೀಳದಿದ್ದರೆ ಅದೇ ಬೀಳುತ್ತದೆ. ಸಿಪ್ಪೆ ಸಮೇತ ಕಾಯಿ ಒಂದು ಕೆಜಿಗೂ ಜಾಸ್ತಿ ತೂಗುತ್ತದೆ.

ನಮ್ಮಲ್ಲಿ ಬಿದ್ದಿದ್ದು ಸೋಲಾರ್ ವಾಟರ್ ಹೀಟರ್ ಮೇಲೆ. ರಾತ್ರಿ ಬಾಂಬ್ ಸಿಡಿದ ಹಾಗೆ ಸದ್ದು. ಹೋಗಿ ನೋಡಿದರೆ ಗಾಜಿನ ಟ್ಯೂಬ್‌ಗಳು ಪುಡಿಪುಡಿ, ಟ್ಯಾಂಕಿನ ಬಿಸಿನೀರೆಲ್ಲ ತಾರಸಿ ತುಂಬಾ. ಕಾಯಿಗೆ ಮಾತ್ರ ಒಂದು ಗೀರೂ ಇಲ್ಲ! ಬಾಡಿಗೆಯವರು "ಓನರ್‌ಗೆ ಹೇಳಿ ಸಾರ್" ಅಂದರು. ಓನರ್ "ಗಾಳಿಗೆ ಬಿದ್ದರೆ ನಾನೇನು ಮಾಡಲಿ ಅಂಕಲ್? ನೀವೇ ಯಾರನ್ನಾದರೂ ಕರೆಸಿ ಕೀಳಿಸಿಬಿಡಿ" ಅಂದರು. ಫೋನಿನಲ್ಲಿ.

ಸರಿ ಅಂತ ಮರ ಹತ್ತುವವರನ್ನು ಹುಡುಕಿ, ಕೂಲಿಯನ್ನೂ ನಾನೇ ಕೊಟ್ಟು ಕೀಳಿಸಿದೆ. ಕಾಯಿ ನಮ್ಮ ಅಂಗಳದಲ್ಲಿ ರಾಶಿ ಬಿದ್ದಿದ್ದನ್ನು ಬಾಡಿಗೆಯವರು ಫೋಟೊ ತೆಗೆದು ಕಳಿಸಿದ್ದಾರೆ. ಸಂಜೆಗೆ ಅದೇ ಮಗನ ಫೋನು: "ಕೇಳದೆ ನಮ್ಮ ಮರದ ಕಾಯಿ ಕಿತ್ತಿದ್ದೀರಿ, ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ." ಬೆಳಗ್ಗೆ ಆಡಿದ ಮಾತು ಸಂಜೆಗೆ ಇಲ್ಲ. ಸಾಕ್ಷಿ ಎಲ್ಲಿಂದ ತರೋದು?

ವಕೀಲರನ್ನು ಕೇಳಿದಾಗ ತಿಳಿದದ್ದು ಇಷ್ಟು. ಗಡಿ ದಾಟಿದ ಕೊಂಬೆಯನ್ನು ನಮ್ಮ ಜಾಗದಲ್ಲೇ ನಿಂತು, ಗಡಿಯವರೆಗೆ ಕತ್ತರಿಸಬಹುದು. ಆದರೆ ಕಾಯಿ, ಸೌದೆ ಮರದ ಮಾಲೀಕರದ್ದೇ. ಅದೂ ಅಲ್ಲದೆ ತೆಂಗಿಗೆ ಕೊಂಬೆ ಎಲ್ಲಿದೆ? ಇರುವುದು ಒಂದೇ ಸುಳಿ. ಅದು ನಮ್ಮ ಕಡೆ ಇದೆ ಅಂತ ಕಡಿದರೆ ಮರವೇ ಸತ್ತಿತು. ಆಗ ತಪ್ಪು ನಮ್ಮ ತಲೆಗೆ. ಕೆಲವರು ತಂತಿ ಕಟ್ಟಿ ಆ ಕಡೆ ಎಳೆಸಿ ಅಂತಾರೆ. ತಂತಿ ತುಕ್ಕು ಹಿಡಿದು ತುಂಡಾದ ದಿನ ಯಾರು ಗತಿ?

ಮರವೇ ಬೀಳುವ ಹಾಗಿದ್ದು ಜನರಿಗೆ ಅಪಾಯ ಇದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನುವ ಕಾನೂನಿನ 152ನೇ ಸೆಕ್ಷನ್ ಇದೆ. 2024ರ ಜುಲೈಗೆ ಮುಂಚೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133 ಅಂತಿದ್ದದ್ದು ಇದೇ. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರ್ ಅಥವಾ ಎಸಿಗೆ (ಉಪವಿಭಾಗಾಧಿಕಾರಿ) ಅರ್ಜಿ ಕೊಟ್ಟರೆ, ಮರ ತೆಗೆಸಲು ಅಥವಾ ಊರುಗೋಲು ಕೊಡಲು ಮಾಲೀಕರಿಗೆ ಆದೇಶ ಮಾಡಬಹುದು. 1976ರ ಕರ್ನಾಟಕದ ಮರ ಸಂರಕ್ಷಣೆ ಕಾಯ್ದೆಯಲ್ಲಿ ತೆಂಗಿಗೆ ವಿನಾಯಿತಿ ಇದೆ. ಬೇರೆ ಎಷ್ಟೋ ಮರ ಕಡಿಯೋಕೆ ಮೊದಲು ಅನುಮತಿ ಬೇಕು, ಮರ ಸ್ವಂತದ್ದೇ ಆದರೂ.

ನಮ್ಮ ವಿಷಯ ಅಲ್ಲಿವರೆಗೆ ಹೋಗಲಿಲ್ಲ. ವಕೀಲರ ನೋಟಿಸ್ ತಲುಪಿದ ಮೇಲೆ ಮಗ ಬಂದು ಮರ ತೆಗೆಸಿದರು. ಉರುಳಿಸಲು ಜಾಗವಿರಲಿಲ್ಲ. ತುದಿಯಿಂದ ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲಿ ಇಳಿಸಿದರು. ಟ್ಯೂಬಿನ ದುಡ್ಡು ಇವತ್ತಿಗೂ ಬಂದಿಲ್ಲ, ಬರೋದೂ ಇಲ್ಲ ಬಿಡಿ.

ನೀವು ಮಾತ್ರ ಏನಾದರೂ ಒಡೆಯುವ ಮುಂಚೆಯೇ, ಮರ ವಾಲಿರುವ ಫೋಟೊ ಇಟ್ಟು, ತಾರೀಖು ಹಾಕಿ, ಮಾಲೀಕರಿಗೆ ಪತ್ರ ಬರೆಯಿರಿ. ತಲುಪಿದ್ದಕ್ಕೆ ಸಹಿ ಬರುವ ಹಾಗೆ ಪೋಸ್ಟ್ ಮಾಡಿ. ಬಾಡಿಗೆಯವರ ಕೈಗೆ ಕೊಟ್ಟರೆ ಲೆಕ್ಕಕ್ಕಿಲ್ಲ. ಮಾಲೀಕರು ಫೋನಿನಲ್ಲಿ "ಕೀಳಿಸಿಕೊಳ್ಳಿ" ಅಂದರೆ ತಕ್ಷಣ ವಾಟ್ಸಾಪ್ ಮಾಡಿ: "ನೀವು ಹೇಳಿದ ಹಾಗೆ ನಾಳೆ ಕಾಯಿ ಕೀಳಿಸಿ ನಿಮ್ಮ ಗೇಟಿನೊಳಗೆ ಇಡಿಸ್ತೀನಿ, ಕೂಲಿ ನಿಮ್ಮದು." ಅದಕ್ಕೆ ಉತ್ತರ ಬರುವವರೆಗೆ ಯಾರನ್ನೂ ಮರ ಹತ್ತಿಸಬೇಡಿ.