ರಾಜಿ ಸಂಧಾನ ಸೇವೆ: ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಎಷ್ಟು ಉಪಯೋಗ?

ಕೂಲಿ ಜಗಳ ಕೋರ್ಟಿಗೆ ಹೋಗುವ ಮೊದಲು ಕಾರ್ಮಿಕ ಇಲಾಖೆಯ ಸಂಧಾನವೇ ವಾಸಿ. ಆದರೆ ಬರಿಗೈಲಿ ಹೋದರೆ ವ್ಯರ್ಥ. ಝಿಪ್, ಜೇಬು, ಸೊಂಟಪಟ್ಟಿ ಎಂದು ಕೆಲಸವಾರು ಪೀಸ್ ರೇಟ್ (ಒಂದು ಪೀಸಿಗೆ ಇಷ್ಟು ಎಂಬ ಕೂಲಿ) ಬರೆದ ಚೀಟಿ ಕೈಲಿರಬೇಕು. ಬಾಯಿಮಾತಿನ ದರಕ್ಕೆ ಅಲ್ಲಿ ಬೆಲೆಯಿಲ್ಲ. ಅಧಿಕಾರಿ ರಾಜಿ ಮಾಡಿಸಬಲ್ಲರೇ ಹೊರತು ತೀರ್ಪು ಕೊಡಲಾರರು.

ಇದರ ನಿಜವಾದ ಬಲ ಒಪ್ಪಂದದ ವ್ಯಾಪ್ತಿ. ಸಂಧಾನದಲ್ಲಾದದ್ದು ಸಂಘದ ಹೊರಗಿನವರಿಗೂ, ನಾಳೆ ಸೇರುವವರಿಗೂ ಅನ್ವಯ. ಖಾಸಗಿಯಾಗಿ ಮಾಡಿಕೊಂಡದ್ದು ಸಹಿ ಹಾಕಿದ ಪಕ್ಷಗಳಿಗಷ್ಟೇ. ಅವಧಿ ನಮೂದಿಸದಿದ್ದರೆ 6 ತಿಂಗಳೇ ಲೆಕ್ಕ. 'ದರ ಪರಿಶೀಲಿಸಲಾಗುವುದು' ಎಂಬ ಸಾಲಿಗೆ ಸಹಿ ಹಾಕಬೇಡಿ, ಅದು ಕಡಲೆಪುರಿಯಂತೆ ಹೊಟ್ಟೆ ತುಂಬಿಸದ ಮಾತು. ಮೊತ್ತ, ಜಾರಿ ದಿನ, ಬಾಕಿ ಕೊಡುವ ತಾರೀಖು ಬರೆಸಿ.

ಕಾರ್ಮಿಕರು ಎಡವುವುದು ಅವಸರದಲ್ಲಿ ಕೆಲಸ ನಿಲ್ಲಿಸಿದಾಗ. ಹೊಸ ಕಾರ್ಮಿಕ ಕಾನೂನಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ.