ಇವೋ ಐಸಿಎಲ್: ಕಣ್ಣೊಳಗೆ ಲೆನ್ಸ್ ಕೂರಿಸಿಕೊಂಡು ಆರು ವರ್ಷದ ಮೇಲೆ

ಪವರ್ ಕಳೆಯಲು ಕಣ್ಣೊಳಗೆ ಕೂರಿಸುವ ಲೆನ್ಸ್, ಸ್ಟಾರ್ ಸರ್ಜಿಕಲ್ ಕಂಪನಿಯ ಇವೋ ಐಸಿಎಲ್, ನನ್ನ ಎರಡೂ ಕಣ್ಣಿಗೆ, 2019ರ ಕೊನೆಯಿಂದ. ಆಗ ಬಲಗಣ್ಣಿನ ಪವರ್ ಮೈನಸ್ 10.5, ಎಡಗಣ್ಣಿನದು ಮೈನಸ್ 11.5. ಖರ್ಚು ಎಲ್ಲ ಸೇರಿ ಎರಡು ಲಕ್ಷದ ಆಸುಪಾಸು. ಈಗ ಕನ್ನಡಕವಿಲ್ಲ. ಎಡಗಣ್ಣಲ್ಲಿ ಅರ್ಧ ಪಾಯಿಂಟ್ ಮತ್ತೆ ಬಂದಿದೆ, ಅದಕ್ಕೆಲ್ಲ ತಲೆ ಕೆಡಿಸಿಕೊಂಡಿಲ್ಲ.

ಸೋಡಾಬುಡ್ಡಿ ಹೋದ ಸಂತೋಷವನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕಣ್ಣೊಳಗೆ ಹಾಕ್ತಾರಲ್ಲ, ಸೇಫಾ? ಆಪರೇಷನ್ ಹೇಗಾಗುತ್ತದೋ ಎಂದು ಎಲ್ಲರಿಗೂ ಭಯ. ನನಗೆ ಭಯ ಹುಟ್ಟಿಸಿದ್ದು ಅದಕ್ಕೂ ಮುಂಚಿನ ಅಳತೆ.

ಲೇಸರಿನಿಂದ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಕೆತ್ತುವ ಲ್ಯಾಸಿಕ್ ನನಗೆ ಆಗುವ ಮಾತೇ ಇರಲಿಲ್ಲ. ನನ್ನ ಕಾರ್ನಿಯಾ ದಪ್ಪ 480 ಮೈಕ್ರಾನ್ ಮಾತ್ರ. ಹನ್ನೊಂದು ಪವರ್ ತೆಗೆಯುವಷ್ಟು ಅದನ್ನು ಕೆತ್ತಿದರೆ ಉಳಿಯುವ ಪದರ ತೀರಾ ತೆಳು. ಐಸಿಎಲ್‌ನಲ್ಲಿ ಕೆತ್ತುವುದೇನೂ ಇಲ್ಲ. ಐರಿಸ್‌ನ (ಪಾಪೆಯ ಸುತ್ತಲಿನ ಬಣ್ಣದ ಪರದೆಯ) ಹಿಂದೆ, ನಮ್ಮ ಸ್ವಂತ ಲೆನ್ಸಿನ ಮುಂದೆ ಇರುವ ಸಣ್ಣ ಸಂದಿನಲ್ಲಿ ಇನ್ನೊಂದು ಲೆನ್ಸ್ ಕೂರಿಸುತ್ತಾರೆ. ಮುಂದೆ ಬೇಡವೆನಿಸಿದರೆ ತೆಗೆಯಲೂಬಹುದು.

ಆ ಸಂದಿನಲ್ಲೇ ಎಲ್ಲ ಕತೆ ಇರುವುದು. ಹೊಸ ಲೆನ್ಸಿಗೂ ನಮ್ಮ ಲೆನ್ಸಿಗೂ ನಡುವೆ ಉಳಿಯುವ ಅಂತರಕ್ಕೆ ಡಾಕ್ಟರುಗಳು ವಾಲ್ಟ್ ಅನ್ನುತ್ತಾರೆ. ಸುಮಾರು 250ರಿಂದ 750 ಮೈಕ್ರಾನ್ ಇದ್ದರೆ ಒಳ್ಳೆಯದು. ಲೆನ್ಸ್ ಸಣ್ಣದಾಗಿ ವಾಲ್ಟ್ ತೀರಾ ಇಳಿದರೆ ಸ್ವಂತ ಲೆನ್ಸಿಗೆ ತಾಗಿ ಪೊರೆ ಬರಬಹುದು. ದೊಡ್ಡದಾದರೆ ಐರಿಸ್ ಮುಂದಕ್ಕೆ ತಳ್ಳಿ, ಕಣ್ಣಿನ ನೀರು ಹರಿದುಹೋಗುವ ಮೂಲೆ ಕಿರಿದಾಗಿ ಒತ್ತಡ ಏರಬಹುದು. ಸಿಗುವುದು ನಾಲ್ಕೇ ಸೈಜು: 12.1, 12.6, 13.2, 13.7 ಮಿಲಿಮೀಟರ್. ಲೆನ್ಸಿನ ತುದಿಗಳು ಕೂರುವ ಜಾಗವೋ ಐರಿಸ್‌ನ ಹಿಂದಿದೆ, ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಕಪ್ಪುಗುಡ್ಡೆಯ ಅಗಲವನ್ನು ಹೊರಗಿನಿಂದ ಅಳೆದು ಒಳಗಿನದನ್ನು ಅಂದಾಜು ಮಾಡುವುದು ಒಂದು ದಾರಿ. ಯುಬಿಎಂ ಎಂಬ ಅಲ್ಟ್ರಾಸೌಂಡ್‌ನಲ್ಲಿ ಐರಿಸ್‌ನ ಹಿಂದನ್ನೇ ನೋಡಿ ಅಳೆಯುವುದು ಇನ್ನೊಂದು.

ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಹೊರಗಿನ ಅಳತೆ ಒಂದನ್ನೇ ತೆಗೆದುಕೊಂಡು, "ಮೇಡಂ, ಅಡ್ವಾನ್ಸ್ ಕಟ್ಟಿಬಿಡಿ, ಈ ತಿಂಗಳು ಆಫರ್ ಇದೆ" ಅಂದರು. ಕಣ್ಣಿಗೆ ಆಫರ್! ಯುಬಿಎಂ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಕೌನ್ಸೆಲರ್ ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದಳು. ನಾನು ಎದ್ದು ಬಂದೆ. ಎರಡನೆಯ ಆಸ್ಪತ್ರೆಯಲ್ಲಿ ಯುಬಿಎಂ ಆಯಿತು, ಕಾರ್ನಿಯಾದ ಒಳಪದರದ ಜೀವಕೋಶಗಳ ಎಣಿಕೆ ಆಯಿತು, ಪಾಪೆ ಹಿಗ್ಗಿಸಿ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಅಂಚಿನವರೆಗೂ ನೋಡಿದರು. ಎಡಗಣ್ಣಿನ ಅಳತೆ ಎರಡು ಸೈಜಿನ ನಡುವೆ ಬಂತು. ಯಾವುದನ್ನು ಯಾಕೆ ಆರಿಸುತ್ತೇನೆ ಎಂದು ಡಾಕ್ಟರೇ ಕೂತು ವಿವರಿಸಿದರು, ದೊಡ್ಡದನ್ನು ಆರಿಸಿದರು.

ಆಪರೇಷನ್ ಬಗ್ಗೆ ಹೇಳುವುದು ಕಡಿಮೆ. ಮರಗಟ್ಟಿಸುವ ಡ್ರಾಪ್ಸ್, ಸುಮಾರು ಮೂರು ಮಿಲಿಮೀಟರ್ ಸೀಳು, ಒಳಗಿನ ಜಾಗ ಕುಗ್ಗದಂತೆ ಜೆಲ್, ಸುರುಳಿಯಾಗಿ ಹೊಕ್ಕು ಒಳಗೆ ನಿಧಾನವಾಗಿ ಬಿಚ್ಚಿಕೊಳ್ಳುವ ಲೆನ್ಸ್. ಅದರ ನಾಲ್ಕು ಮೂಲೆಗಳನ್ನು ಐರಿಸ್‌ನ ಹಿಂದಕ್ಕೆ ಸೇರಿಸಿ, ಜೆಲ್ ತೊಳೆದು ತೆಗೆದರು. ಹೊಲಿಗೆ ಇಲ್ಲ. ನೋವಿಲ್ಲ, ಒತ್ತಿದ ಹಾಗೆ ಇರುತ್ತದೆ. ಹಳೆಯ ಮಾದರಿಯಾಗಿದ್ದರೆ ಮುಂಚೆಯೇ ಲೇಸರಿನಿಂದ ಐರಿಸ್‌ಗೆ ತೂತು ಹಾಕಿಸಿಕೊಳ್ಳಬೇಕಿತ್ತು. ಇವೋದಲ್ಲಿ ಲೆನ್ಸಿನ ನಡುವೆಯೇ 0.36 ಮಿಲಿಮೀಟರ್ ರಂಧ್ರವಿದ್ದು ಕಣ್ಣಿನ ನೀರು ಅದರ ಮೂಲಕ ಹರಿಯುತ್ತದೆ. ಇದು ಜಪಾನಿನ ಕಿಮಿಯಾ ಶಿಮಿಝು ಅವರ ವಿಚಾರ. ಪೊರೆಯ ಭಯ ಬಹಳ ತಗ್ಗಿದ್ದು ಈ ರಂಧ್ರದಿಂದಲೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರಂಧ್ರವಿಲ್ಲದ್ದಕ್ಕೆ 2005ರಲ್ಲೂ ಇವೋಗೆ 2022ರಲ್ಲೂ ಒಪ್ಪಿಗೆ ಕೊಟ್ಟಿತು. ನನ್ನ ಕಣ್ಣಿಗೆ ಅಷ್ಟು ಹೊತ್ತಿಗಾಗಲೇ ಕೂತಾಗಿತ್ತು.

ಜೆಲ್ ವಿಷಯ ಮಾತ್ರ ಸ್ವಲ್ಪ ಹೇಳಬೇಕು. ಒಳಗೆ ಚೂರು ಉಳಿದರೂ ಮೊದಲ ಕೆಲವು ಗಂಟೆಗಳಲ್ಲಿ ಒತ್ತಡ ಏರಬಹುದು. ನನ್ನ ಬಲಗಣ್ಣಿಗೆ ಹಾಗೇ ಆಯಿತು: ಸಂಜೆಗೆ 32, ಹುಬ್ಬಿನ ಮೇಲೆ ನೋವು, ವಾಕರಿಕೆ. ಪಕ್ಕದ ಸೀಳನ್ನು ಮೆಲ್ಲಗೆ ಒತ್ತಿ ಒಂದಿಷ್ಟು ದ್ರವ ಬಿಟ್ಟರು, ಮಾತ್ರೆ ಕೊಟ್ಟರು, ಮರುದಿನ 16. ಆಪರೇಷನ್ ಆದ ತಕ್ಷಣ ಮನೆಗೆ ಕಳಿಸುವ ಜಾಗವಾಗಿದ್ದರೆ ರಾತ್ರಿ ಏನಾಗುತ್ತಿತ್ತೋ. ಈಚೆಗೆ ಕೆಲವು ಸರ್ಜನ್ನರು ಜೆಲ್ ಇಲ್ಲದೆ, ಬರೀ ಸಲೈನ್ ಹರಿಸುತ್ತ ಲೆನ್ಸ್ ಕೂರಿಸುತ್ತಾರೆ. ಈ ತಾಪತ್ರಯ ಅದರಲ್ಲಿಲ್ಲ, ಆದರೆ ಸ್ವಂತ ಲೆನ್ಸಿಗೂ ಕಾರ್ನಿಯಾಕ್ಕೂ ತಾಗದಂತೆ ಮಾಡಲು ಕೈ ಚೆನ್ನಾಗಿ ಪಳಗಿರಬೇಕು.

ನನ್ನ ಆಪರೇಷನ್ ಆದ ವರ್ಷವೇ, 2019ರ ಜುಲೈನಲ್ಲಿ, ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಆದ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡಿದ್ದು, ಬಳಸಿದ ಔಷಧದ ಮೇಲೆ ಸಂಶಯ ಬಂದಿದ್ದು ನೆನಪಿರಬಹುದು. ಅಮ್ಮ ಅದೊಂದನ್ನೇ ಹಿಡಿದುಕೊಂಡು ಕೂತಿದ್ದರು. ಹಾಗಾಗಿ ಎರಡೂ ಕಣ್ಣು ಒಂದೇ ದಿನ ಬೇಡ ಎಂದೆ. ಒಂದೇ ದಿನ ಮಾಡಿಸುವವರೂ ಎರಡನೆಯ ಕಣ್ಣಿಗೆ ಬೇರೆ ಉಪಕರಣ, ಬೇರೆ ಬ್ಯಾಚಿನ ಜೆಲ್ ಬಳಸುತ್ತಾರೋ ಎಂದು ಕೇಳಿಕೊಳ್ಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಡಾಕ್ಟರ್ ಬೇಡ.

ವಾಲ್ಟ್ ಬಲಗಣ್ಣಿಗೆ 430 ಬಂತು, ಎಡಗಣ್ಣಿಗೆ 820. ಜಾಸ್ತಿಯಾಯಿತು. ಒತ್ತಡ ಸರಿಯಿದೆ, ಮೂಲೆ ತೆರೆದೇ ಇದೆ, ಕಾದು ನೋಡೋಣ ಅಂದರು. ಒತ್ತಡ ಏರುತ್ತಾ ಹೋದರೆ ಅಡ್ಡಡ್ಡ ಇರುವ ಲೆನ್ಸನ್ನು ಉದ್ದುದ್ದಕ್ಕೆ ತಿರುಗಿಸಬಹುದು. ಆ ದಿಕ್ಕಿನಲ್ಲಿ ಜಾಗ ಸಾಮಾನ್ಯವಾಗಿ ಹೆಚ್ಚಿರುವುದರಿಂದ ವಾಲ್ಟ್ ಇಳಿಯುತ್ತದೆ. ಸಿಲಿಂಡರ್ ಪವರ್ ಇರುವ ಟೋರಿಕ್ ಲೆನ್ಸಿಗೆ ಈ ಉಪಾಯ ನಡೆಯದು, ಅದು ನಿಗದಿತ ಕೋನದಲ್ಲೇ ಇರಬೇಕು. ನನಗೆ ತಿರುಗಿಸುವ ಪ್ರಸಂಗ ಬರಲಿಲ್ಲ, ಈಗ ತಾನಾಗಿಯೇ 700ಕ್ಕೆ ಇಳಿದಿದೆ. ಜೀವಕೋಶದ ಎಣಿಕೆ 2840 ಇದ್ದದ್ದು 2690 ಆಗಿದೆ, ವಯಸ್ಸಿಗೆ ಸಹಜವಾದ ಇಳಿಕೆಯ ಆಸುಪಾಸಿನಲ್ಲೇ ಇದೆ.

ಕಿರಿಕಿರಿ ಏನೂ ಇಲ್ಲವೆಂದಲ್ಲ. ಮೊದಲ ಕೆಲವು ತಿಂಗಳು ರಾತ್ರಿ ಪ್ರತಿ ದೀಪದ ಸುತ್ತ ಉಂಗುರ. ನಮ್ಮ ರಿಂಗ್ ರೋಡಿನ ಹೈಬೀಮ್ ಮಹಾಶಯರ ಎದುರು ಸ್ಕೂಟರ್ ಓಡಿಸುವುದು ಆಗಲೇ ಇಲ್ಲ. ಈಗಲೂ ಉಂಗುರ ಇದೆ, ಹುಡುಕಿದರೆ ಕಾಣುತ್ತದೆ. ಕಣ್ಣು ಒಣಗುವ ಕಾಟ ಲ್ಯಾಸಿಕ್ ಮಾಡಿಸಿದ ನನ್ನ ತಂಗಿಗಿಂತ ಎಷ್ಟೋ ಕಡಿಮೆ.

ಪವರ್ ಹೋಯಿತು, ಇನ್ನು ಕಣ್ಣಿನ ಡಾಕ್ಟರ ಹಂಗಿಲ್ಲ ಅಂದುಕೊಳ್ಳುವವರಿಗೆ ಇದು ಬೇಡ. ಉದ್ದಕ್ಕೆ ಬೆಳೆದ ಕಣ್ಣು ಹಾಗೇ ಇದೆ, ರೆಟಿನಾ ಕಳಚುವ ಅಪಾಯವೂ ಹಾಗೇ ಇದೆ. ವರ್ಷಕ್ಕೊಮ್ಮೆ ಒತ್ತಡ, ವಾಲ್ಟ್, ಜೀವಕೋಶ, ರೆಟಿನಾ ತೋರಿಸಲೇಬೇಕು. ಅದಕ್ಕೆ ರಜೆ ಹಾಕಿ ಹೋಗುತ್ತೇನೆ.

ದುಡ್ಡಿನ ಮಾತು: ಆರೋಗ್ಯ ವಿಮೆಯವರು ಕನ್ನಡಕದ ಆಪರೇಷನ್ನಿಗೆ ಕೊಡುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ ಗೊತ್ತುಮಾಡಿದ ಷರತ್ತಿನಲ್ಲಿ ಹೊರಗಿಟ್ಟಿರುವುದು 7.5 ಡಯಾಪ್ಟರ್‌ (ಅಂದರೆ ಪವರ್) ಗಿಂತ ಕಡಿಮೆಯ ದೋಷವನ್ನು. ಅದಕ್ಕಿಂತ ಹೆಚ್ಚಿದ್ದವರು ಪಾಲಿಸಿ ತೆಗೆದು ಓದಿ, ಆಮೇಲೆ ಅಡ್ವಾನ್ಸ್ ಕಟ್ಟಿ. ಲೆನ್ಸಿನ ಸೈಜು, ಪವರ್, ಸೀರಿಯಲ್ ನಂಬರ್ ಇರುವ ಕಾರ್ಡನ್ನೂ ಆಪರೇಷನ್ನಿಗೆ ಮುಂಚಿನ ಅಳತೆಗಳನ್ನೂ ಕೇಳಿ ಪಡೆದು ಫೋಟೊ ತೆಗೆದಿಡಿ. ಮುಂದೆ ಪೊರೆ ಬಂದಾಗ ಆಗಿನ ಡಾಕ್ಟರ್ ಮೊದಲು ಕೇಳುವುದು ಅವನ್ನೇ.